ಫ್ರಿಜ್ಜು ಅತ್ತರೂ ಹೊತ್ತುವ ದೀಪ

ನನ್ನ ಭಾವನನ್ನು ಕಣ್ಣು ಮುಚ್ಚಿಕೊಂಡು ನಂಬಬಹುದು. ಆದರೆ ಅವರು ಹೊತ್ತಿಸಿದ ದೀಪವನ್ನು ಮಾತ್ರ ಕಣ್ಣು ಬಿಟ್ಟುಕೊಂಡೂ ನಂಬಬಾರದು!

ಎಪ್ಪತ್ತರ ದಶಕದ ಆರಂಭದ ಜರ್ಮನಿ. ಡಾರ್ಮ್‌ಸ್ಟಾಟ್‌ನ ಒಂದು ಪ್ರಯೋಗಾಲಯದಲ್ಲಿ ಭಾವನಿಗೆ ಕೆಲಸ. ಆ ಊರಿನಲ್ಲೇ ಓದುತ್ತಿದ್ದ ನನಗೆ ಅಕ್ಕನ ಮನೆಯಲ್ಲಿ ಊಟ, ವಾಸ. ಬಾಣಂತಿಯಾಗಿದ್ದಾಗ ಬಂದ ಜ್ವರ ಅಕ್ಕನ ಕಿವಿಯನ್ನು ಹೆಚ್ಚುಕಡಿಮೆ ಪೂರ್ತಿ ಕೊಂಡೊಯ್ದಿತ್ತು. ಎದುರು ನಿಂತು ಕೂಗಿದರೆ ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಇಲ್ಲ. ನಾವಿಬ್ಬರೂ ಹೊರಟ ಮೇಲೆ ಮನೆಯಲ್ಲಿ ಅವಳು, ಮಗು ಇಬ್ಬರೇ. ಹಾಗಾಗಿ ಒಲೆಯ ಮೇಲೆ ಸಾರು ಉಕ್ಕಿ ಸೀದು ಹೋದರೂ ಅವಳು ತೊಟ್ಟಿಲ ಪಕ್ಕದಿಂದ ಏಳುತ್ತಿರಲಿಲ್ಲ. ಗಂಟೆ ಹೊಡೆದಂತೆ ಊಟಕ್ಕೆ ಕೂರುವ ಅಭ್ಯಾಸದ ನನ್ನ ಪಾಡು ಕೇಳಬೇಡಿ.

"ಇದಕ್ಕೊಂದು ಸರ್ಕ್ಯೂಟ್ ಕಟ್ತೀನಿ ಕಣಯ್ಯ," ಎಂದರು ಭಾವ. ಲೋಕದ ಸಕಲ ದುಃಖಕ್ಕೂ ಅವರ ಬಳಿ ಒಂದು ಸರ್ಕ್ಯೂಟ್ ಇತ್ತು! ತೊಟ್ಟಿಲ ಮೇಲೊಂದು ಮೈಕು. ಕೆಮ್ಮು ಯಾವುದು, ಅಳು ಯಾವುದು ಎಂದು ತೀರ್ಮಾನಿಸಲು ಒಂದು ಲಾಜಿಕ್ ಬೋರ್ಡು. ಅಳುವೇ ಎಂದು ಖಾತ್ರಿಯಾದರೆ ಅಡುಗೆಮನೆಯಲ್ಲಿ ದೊಡ್ಡ ಕೆಂಪು ದೀಪ. ಅದಕ್ಕೆ ಕರೆಂಟು ಕೊಡಲು ಪ್ರಯೋಗಾಲಯ ಹೊರಗೆಸೆದಿದ್ದ ಒಂದು ಕನ್ವರ್ಟರು.

ಮೊದಲ ದಿನವೇ ದೀಪ ಝಗ್ಗೆಂದಿತು. ಅಕ್ಕ ಓಡಿದಳು. ಮಗು ಗಾಢ ನಿದ್ದೆಯಲ್ಲಿತ್ತು. ತಿರುಗಿ ಬಂದಳು, ಸ್ವಲ್ಪ ಹೊತ್ತಿಗೆ ಮತ್ತೆ ದೀಪ. ಫ್ರಿಜ್ಜು ಗುರ್ ಎಂದಾಗಲೆಲ್ಲ ಹೊತ್ತುತ್ತಿದೆ ಎಂದು ನಾನು ಕಂಡುಹಿಡಿಯುವ ಹೊತ್ತಿಗೆ, ಅಕ್ಕನ ಓಡಾಟದ ಸದ್ದಿಗೆ ಮಗು ನಿಜವಾಗಿಯೇ ಎದ್ದು ಕಿರುಚತೊಡಗಿತು.

"ನೋಡಿದೆಯಾ?" ಭಾವ ಹೆಮ್ಮೆಯಿಂದ ಹೇಳಿದರು. "ಯಂತ್ರ ಸುಳ್ಳು ಹೇಳಲಿಲ್ಲ. ಸ್ವಲ್ಪ ಮುಂಚೆ ಹೇಳ್ತು, ಅಷ್ಟೆ!"

ಇನ್ನು ಅವರು ಅಕ್ಕನನ್ನು ಕರೆಯುತ್ತಿದ್ದ ರೀತಿ! ಹೆಂಡತಿಯ ಹೆಸರು ಹಿಡಿದು ಕರೆಯುವುದು ಅವರ ಮನೆತನದಲ್ಲೇ ಇಲ್ಲ. ಮೊದಲೆಲ್ಲ "ಏ, ಇವಳೇ" ಸಾಕಾಗುತ್ತಿತ್ತು. ಈಗ ಹಲಗೆಯ ನೆಲವನ್ನು ಕಾಲಿನಿಂದ ದಬದಬ ಬಡಿಯುತ್ತಿದ್ದರು. ಆ ಅದುರು ಅಕ್ಕನ ಪಾದಕ್ಕೆ ತಾಗಿ ಅವಳು ತಿರುಗಿ ನೋಡಬೇಕು. ಉತ್ತರ ಕೊಡುತ್ತಿದ್ದವರು ಯಾರು? ಕೆಳಮನೆಯ ಅಜ್ಜಿ, ಪೊರಕೆ ಹಿಡಿಯಿಂದ ಚಾವಣಿ ಕುಟ್ಟಿ! "ಹೆರ್ ಡಾಕ್ಟರ್! ಮಿಟಾಗ್ಸ್‌ರೂಹೆ!" ಮಧ್ಯಾಹ್ನ ಸದ್ದು ಮಾಡಬಾರದೆಂಬುದು ಅಲ್ಲಿನ ಕಟ್ಟಳೆ, ಎದುರಾಡುವಂತಿಲ್ಲ.

"ತಪ್ಪೆಲ್ಲ ಗ್ರೌಂಡಿಂದು," ಎಂದು ಭಾವ ಒಂದು ದಿನ ತೀರ್ಪು ಕೊಟ್ಟರು. ಕನ್ವರ್ಟರು ಕರೆಂಟನ್ನು ಪಟಪಟನೆ ಕೊಚ್ಚುವ ಒರಟ. ಲಾಜಿಕ್ಕು ಸೂಕ್ಷ್ಮ ಜೀವ. ಇಬ್ಬರ ಕರೆಂಟೂ ಹಿಂದಿರುಗುವ ಗ್ರೌಂಡ್ ತಂತಿ ಒಂದೇ. ಫ್ರಿಜ್ಜು ಶುರುವಾದಾಗ ಒರಟ ಮುಗ್ಗರಿಸುತ್ತಾನೆ, ತಂತಿ ಅದುರುತ್ತದೆ, ಸೂಕ್ಷ್ಮ ಜೀವ ಬೆಚ್ಚಿ "ಮಗು, ಮಗು!" ಎಂದು ಬೊಬ್ಬೆ ಹಾಕುತ್ತದೆ.

ಅಕ್ಕನ ಅಡುಗೆಮನೆಯಲ್ಲಿ ಮುಸುರೆಯ ನೇಮವಿತ್ತು: ಅನ್ನ ಮುಟ್ಟಿದ ಕೈಯಲ್ಲಿ ಹಾಲು ಮೊಸರು ಮುಟ್ಟುವಂತಿಲ್ಲ. ಜರ್ಮನಿಗೆ ಬಂದರೂ ಮುಸುರೆಯೇ ಎಂದು ನಗುತ್ತಿದ್ದ ಭಾವ ಈಗ ತಂತಿಗಳಿಗೆ ಅವಳನ್ನೂ ಮೀರಿಸಿದ ಮುಸುರೆ ಶುರುಮಾಡಿದರು. ಎರಡು ಗ್ರೌಂಡು, ಎರಡು ಬಣ್ಣ, ಎರಡು ಗೋಡೆ. ಎಲ್ಲಿಯೂ ಒಂದನ್ನೊಂದು ಸೋಕಕೂಡದು!

"ಏಯ್, ಆ ತಂತಿ ಮುಟ್ಟಿದ ಟೇಪು ಇಲ್ಲಿಗೆ ತರಬೇಡ!" ಎಂದು ನನ್ನ ಮೇಲೆ ಹರಿಹಾಯ್ದರು.

ದೀಪ ಶಾಂತವಾಯಿತು. ಎಷ್ಟು ಶಾಂತ? ಒಂದು ಮಧ್ಯಾಹ್ನ ನಾನು ಕ್ಲಾಸು ಮುಗಿಸಿ ಬಂದಾಗ ಮಗು ಅತ್ತು ಅತ್ತು ಕೆಂಪಾಗಿತ್ತು; ಅಕ್ಕ ಆರಿದ ದೀಪದ ಕೆಳಗೆ ನೆಮ್ಮದಿಯಾಗಿ ಆಲೂಗಡ್ಡೆ ಸುಲಿಯುತ್ತಿದ್ದಳು.

ಸಂಜೆ ಅವಳು ಅಳಲಿಲ್ಲ, ಬೈಯಲಿಲ್ಲ. "ನಂಗೂ ಮಗೂಗೂ ಟಿಕೆಟ್ ತೆಗೆಸಿಬಿಡಿ. ಊರಲ್ಲಿ ಹತ್ತು ಜನರ ಕಿವಿ ಇದೆ," ಎಂದಳು.

ಭಾವ ಊಟಕ್ಕೆ ಕೂತರು. ಅಕ್ಕ ಅನ್ನ ಬಡಿಸಿದಳು, ನಲ್ಲಿಯಲ್ಲಿ ಕೈ ತೊಳೆದಳು, ಮೊಸರಿನ ಪಾತ್ರೆ ತೆಗೆದಳು. ಭಾವ ತಟ್ಟನೆ ಕೂಗಿದರು: "ಅನ್ನದಿಂದ ಮೊಸರಿಗೆ ಹೋಗೋಕೆ ಆ ಒಂದೇ ನಲ್ಲೀಗೆ ಬರ್ತೀಯಲ್ಲ!"

"ಮತ್ತೆ? ನಿಮ್ಮ ತಂತೀಗೆ ಮಾಡಿದ ಹಾಗೆ ನಂಗೂ ಎರಡು ನಲ್ಲಿ ಹಾಕಿಸ್ತೀರಾ?"

ಭಾವ ಎದ್ದೇಬಿಟ್ಟರು. "ಎಂಜಲು ಕೈ ರೀ!" ಎಂದು ಅಕ್ಕ ಅರಚುತ್ತಿದ್ದಂತೆ ಸೋಲ್ಡರಿಂಗ್ ಐರನ್ ಹಿಡಿದರು. ಎರಡು ಗ್ರೌಂಡುಗಳು ಬೇರೆಬೇರೆ ದಾರಿಯಲ್ಲಿ ಬಂದರೂ ಒಂದು ಕಡೆ, ಒಂದೇ ಕಡೆ, ಕೂಡಲೇಬೇಕು. ಇಲ್ಲದಿದ್ದರೆ ಸೂಕ್ಷ್ಮ ಜೀವದ ಮಾತು ಒರಟನಿಗೆ ತಿಳಿಯುವುದಿಲ್ಲ, ಮಗು ಅತ್ತರೂ ದೀಪ ಹೊತ್ತುವುದಿಲ್ಲ.

"ಇದನ್ನೇ ನಾನು ಲ್ಯಾಬಿನ ಹುಡುಗರಿಗೆ ಪಾಠ ಹೇಳೋದು ಕಣಯ್ಯ," ಎಂದರು ತಲೆಯೆತ್ತದೆ. "ಹೆದರಿಕೇಲಿ ಮರೆತೇ ಹೋಯ್ತು."

ಆಮೇಲೆ ಫ್ರಿಜ್ಜು ಎಷ್ಟು ಗುರುಗುಟ್ಟಿದರೂ ದೀಪ ಮಿಸುಕಲಿಲ್ಲ. ಮಗು ಅತ್ತರೆ ಮಾತ್ರ ಹೊತ್ತಿತು. ಆದರೂ ಟಿಕೆಟ್ ಬೇಡವೆಂದು ಅಕ್ಕ ಹೇಳಿರಲಿಲ್ಲ. ಕೊನೆಗೆ ಆ ಟಿಕೆಟ್ ತೆಗೆಸಲೇ ಇಲ್ಲ. ಯಾಕೆಂದು ನನ್ನನ್ನು ಕೇಳಿದರೆ, ನಾನು ಆ ಭಾನುವಾರದ ಕಡೆಗೆ ಬೆರಳು ತೋರಿಸುತ್ತೇನೆ.

ಮಲಗಿದ್ದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. ದೀಪ ಹೊತ್ತಿತು! ಮಗು ಇಲ್ಲಿದೆ, ಫ್ರಿಜ್ಜು ಸುಮ್ಮನಿದೆ. ಮತ್ತೆ ಅಳುತ್ತಿರುವವರು ಯಾರು? ಕೆಟ್ಟಿತು ಭಾವನ ಗ್ರೌಂಡು ಎಂದುಕೊಂಡೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೋಣೆಯ ಕಡೆ ನಡೆದಳು, ಹಿಂದೆಯೇ ನಾನು.

ಭಾವ ಬಾಗಿಲಿಗೆ ಬೆನ್ನು ಮಾಡಿ, ಖಾಲಿ ತೊಟ್ಟಿಲ ಮೇಲೆ ಬಾಗಿ, ಮೈಕಿಗೆ ಬಾಯಿಟ್ಟು ಅಕ್ಕನ ಹೆಸರು ಹೇಳುತ್ತಿದ್ದರು. ಮೆಲ್ಲಗೆ, ಮತ್ತೆ ಮತ್ತೆ. ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕನಿಗೆ ಅದು ಕೇಳುವ ಹಾಗೆಯೇ ಇರಲಿಲ್ಲ. ಹೊಸ್ತಿಲಲ್ಲಿ ನಿಂತು ಅವಳು ಕೇಳಿದಳು:

"ಕರೆದ್ರಾ?"