ಸವೆಯದ ಅಟ್ಟೆ

ಎತ್ತರ ಐದಡಿಗೆ ಒಂದಿಂಚು ಕಡಿಮೆ. ಅಗಲ ಧಾರಾಳ. ಅರವತ್ತಮೂರು ವರ್ಷದ ಬಾಳಿಕೆ. ಎಡಮಂಡಿಯಲ್ಲಿ ಸಣ್ಣ ದೋಷ. ಬಾಯಿ ಮಾತ್ರ ಇನ್ನೂ ಗ್ಯಾರಂಟಿ ಅವಧಿಯಲ್ಲಿದೆ. ಚಪ್ಪಲಿ ಅಂಗಡಿಯ ಯಜಮಾನರು ತಮ್ಮ ಹೆಂಡತಿಯ ಬಗ್ಗೆ ಮನಸ್ಸಿನಲ್ಲೇ ಕಟ್ಟಿದ ಅಂದಾಜು ಇದು. (ಬಾಯಿಬಿಟ್ಟು ಹೇಳುವ ಧೈರ್ಯ ಯಾವ ವ್ಯಾಪಾರಿಗೂ ಇರುವುದಿಲ್ಲ.)

ಆ ಎಡಮಂಡಿಯನ್ನು ನೋಡಿದ ಡಾಕ್ಟರು, "ದಿನಾ ಮುಕ್ಕಾಲು ಗಂಟೆ ನಡೀಬೇಕಮ್ಮ. ಹೀಗೇ ಕೂತ್ರೆ ಬರೋ ವರ್ಷಕ್ಕೆ ಮೆಟ್ಟಿಲು ಮರೆತುಬಿಡಿ," ಎಂದಿದ್ದರು. ಮನೆ ಇರುವುದು ಅಂಗಡಿಯ ಮೇಲೆ, ಹತ್ತೊಂಬತ್ತು ಮೆಟ್ಟಿಲು. ದಿನಾ ಮಧ್ಯಾಹ್ನ ಇಳಿದು ಬಂದು, ಗಲ್ಲಾದ ಪಕ್ಕ ಕೂತು, ಗಿರಾಕಿಗಳ ಎದುರಿಗೇ ಗಂಡನ ಮಾನ ಕಳೆಯುತ್ತಿದ್ದಾಕೆ ಬರುವುದನ್ನೇ ನಿಲ್ಲಿಸಿದ್ದಳು. ಮಾನ ಉಳಿದಿತ್ತು; ಅಂಗಡಿ ಬಿಕೋ ಎನ್ನುತ್ತಿತ್ತು. ಯಜಮಾನರು ಅಂದೇ ಗೋದಾಮಿನಿಂದ ಒಂದು ಜೊತೆ ವಾಕಿಂಗ್ ಶೂ ತಂದುಕೊಟ್ಟರು.

ಎರಡು ತಿಂಗಳು ಆಕೆ ಬೆಳಿಗ್ಗೆ ಆರಕ್ಕೆ ಹೋಗಿ ಏಳಕ್ಕೆ ಬರುತ್ತಿದ್ದಳು. ಒಂದು ದಿನ ಯಜಮಾನರು ಬಾಗಿಲ ಬಳಿಯಿದ್ದ ಶೂ ಮಗುಚಿ ನೋಡಿದರು. ಅಟ್ಟೆ ನೋಡಿ ಆಸಾಮಿಯ ಜಾತಕ ಹೇಳಬಲ್ಲವರು ಅವರು. ಈ ಅಟ್ಟೆ ಈಗಷ್ಟೇ ಡಬ್ಬದಿಂದ ಎದ್ದು ಬಂದಂತಿತ್ತು.

"ದಿನಾ ನಡೀತಿದ್ದೀಯಾ?"

"ಇಲ್ಲ, ಹಾರ್ತಿದ್ದೀನಿ."

"ಅಟ್ಟೆ ಬೇರೆ ಹೇಳ್ತಿದೆ."

"ಹಾಗಾದ್ರೆ ಅಟ್ಟೆ ಜೊತೇಲೇ ಸಂಸಾರ ಮಾಡಿ."

ಮರುದಿನ ಯಜಮಾನರು ಸದ್ದಿಲ್ಲದೆ ಹಿಂಬಾಲಿಸಿದರು. ಪಾರ್ಕಿಗೆ ಇನ್ನೂರು ಹೆಜ್ಜೆ. ಹೆಂಡತಿ ಮೊದಲ ಬೆಂಚಿನ ಮೇಲೇ ಕೂತುಬಿಟ್ಟಳು. ಅಟ್ಟೆ ಹೇಳಿದ್ದು ನಿಜವಾದದ್ದಕ್ಕೆ ಅವರಿಗೆ ಮೊದಲ ಸಲ ಸಂಕಟವಾಯಿತು. ಅಷ್ಟರಲ್ಲಿ ಆಕೆ ಚೀಲದಿಂದ ಬೇರೊಂದು ಜೊತೆ ತೆಗೆದು ಮೆಟ್ಟಿಕೊಂಡು, ಗಂಡ ಕೊಟ್ಟದ್ದನ್ನು ಚೀಲಕ್ಕೆ ತುರುಕಿ, ಎದ್ದು ಹೊರಟೇಬಿಟ್ಟಳು. ಹಳದಿ ಪಟ್ಟಿಯ ಶೂ. ಅದು ಎದುರಂಗಡಿಯ ಮಾಲು.

ಹಿಡಿದು ಕೇಳಲೆಂದು ಓಡಿದ ಯಜಮಾನರು ಅರ್ಧ ಸುತ್ತಿಗೇ ದೀಪದ ಕಂಬವನ್ನು ಅಪ್ಪಿಕೊಂಡು ನಿಂತರು. ಹೆಂಡತಿ ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದಳು.

"ಇಲ್ಲೇನು ಮಾಡ್ತಿದ್ದೀರಿ?"

"ಎದುರಂಗಡೀದಾ?" ಉಸಿರಿಗಿಂತ ಮೊದಲು ಬಂದ ಮಾತು ಅದು.

"ನಿಮ್ಮದು ಕಚ್ಚುತ್ತೆ ಕಣ್ರೀ. ಆರು ನಂಬರು."

"ನಿಂದು ಆರೇ ಅಲ್ವಾ?"

"ಅದು ಮದುವೆಯಾದಾಗ. ಎರಡು ಹೆತ್ತು, ನಲವತ್ತು ವರ್ಷ ಒಲೆ ಮುಂದೆ ನಿಂತು ಈಗ ಏಳಾಗಿದೆ. ಎದುರಿನವನು ಎರಡೂ ಕಾಲು ಅಳೆದು ಕೊಟ್ಟ."

"ನಂಗೆ ಹೇಳಬಾರದಿತ್ತಾ?"

"ಅಷ್ಟು ಆಸೆಯಿಂದ ತಂದಿದ್ರಿ. ಅಲ್ದೆ, ಅವನ ಶೂ ಹಾಕ್ಕೊಂಡು ನಿಮ್ಮ ಬಾಗಿಲಿಂದ ಇಳಿದ್ರೆ ನಿಮ್ಮಂಗಡಿಗೆ ಯಾರು ಬರ್ತಾರೆ?"

ಮನೆಗೆ ಬಂದಾಗ ಆಕೆ ಕಂಬಿ ಮುಟ್ಟದೆ ಹತ್ತೊಂಬತ್ತೂ ಮೆಟ್ಟಿಲು ಹತ್ತಿದಳು. ಯಜಮಾನರು ಹನ್ನೊಂದನೆಯದರಲ್ಲಿ ಎರಡೂ ಕೈಯಿಂದ ಕಂಬಿ ಹಿಡಿದು ನಿಂತು ನೋಡಿದರು. ಅಟ್ಟೆ ನೋಡುವ ಕಣ್ಣು ಇಷ್ಟು ದಿನ ಮೆಟ್ಟಿಲು ನೋಡಿರಲಿಲ್ಲ.

ಮಧ್ಯಾಹ್ನ ಆಕೆ ಇಳಿದು ಬಂದು ಗಲ್ಲಾದ ಪಕ್ಕ ಕೂತಳು. ತಲೆಯ ಮೇಲೆ ಅಂಗಡಿಯ ಹಳೆಯ ಬೋರ್ಡು: 'ಕಾಲು ಅಳೆಯದೆ ಕೊಡುವುದಿಲ್ಲ.' ಇಬ್ಬರು ಗಿರಾಕಿಗಳು ಅದನ್ನು ಓದುತ್ತಿದ್ದರು.

"ನಿಜ ಕಣ್ರಪ್ಪ," ಎಂದಳು ಆಕೆ. "ಅಳೆಯದೆ ಕೊಟ್ಟಿದ್ದು ಒಬ್ಬಳಿಗೇ."

ಮಾನ ಹೋಯಿತು, ಅಂಗಡಿ ತುಂಬಿತು. ಯಜಮಾನರು ಅಳತೆಪಟ್ಟಿ ಹಿಡಿದು ಹೆಂಡತಿಯ ಮುಂದೆ ಕೂತರು. ಊರವರ ಕಾಲೆಲ್ಲ ಅಳೆದವರು ಈಕೆಯ ಕಾಲು ಅಳೆದದ್ದು ನಲವತ್ತು ವರ್ಷದಲ್ಲಿ ಒಂದೇ ಸಲ, ಮದುವೆಯಾದಾಗ. ಇನ್ನೊಂದು ಅಳತೆ ಅವರಿಂದ ಬಾಕಿಯಿತ್ತು.