ಲತೇಶನ ಸಂದರ್ಶನವನ್ನು ಲೋಕಲ್ ರೈಲಿನಲ್ಲಿ ಮತ್ತೊಮ್ಮೆ ನಡೆಸುವ ಬಗ್ಗೆ

ಇಂದ:
ದೇವದಾಸ್, ಬಿ.ಕಾಂ. (ಸಂಜೆ ಕಾಲೇಜು),
ಉಚಿತ ಉದ್ಯೋಗ ತರಬೇತಿ ಶಿಕ್ಷಕ (ಬೇರೆ ಯಾರೂ ಒಪ್ಪದ ಕಾರಣ),
ಡೊಂಬಿವಲಿ ಪೂರ್ವ.

ಗೆ:
ಶ್ರೀ ವಸಂತಕುಮಾರ ಅವರು, ಸಂದರ್ಶನಾಧಿಕಾರಿಗಳು,
ನೀರು ಪರೀಕ್ಷಾ ಪ್ರಯೋಗಾಲಯ, ಖಾರಘರ.

ವಿಷಯ: ಅಭ್ಯರ್ಥಿ ಲತೇಶನಿಗೆ ಮರುಸಂದರ್ಶನ ಕೋರಿ.
ಉಲ್ಲೇಖ: ಸೋಮವಾರ ತಮ್ಮ ಕೋಣೆಯಲ್ಲಿ ಅವನು ಆಡದೇ ಉಳಿದ ಮಾತು.

ಮಾನ್ಯರೇ,

ತಾವೂ ಉಡುಪಿ ಕಡೆಯವರೆಂದು ಕೇಳಿದ ಕಾರಣ ಕನ್ನಡದಲ್ಲೇ ಬರೆಯಲಾಗಿದೆ. ಅಲ್ಲವಾದರೆ ಕ್ಷಮೆಯಿರಲಿ.

೧. ಅರ್ಜಿದಾರ ದೇವದಾಸ್ ಬಡ ಕಾಲೇಜು ಮಕ್ಕಳಿಗೆ ಸಂದರ್ಶನ ಎದುರಿಸಲು ಕಲಿಸುತ್ತಾನೆ. ತಾನು ಎಂದೂ ಎದುರಿಸಿದವನಲ್ಲ. ಮಾವನ ಹಿಂದೆ ಹೋಗಿ ನಿಂತು, "ನಾಳೆಯಿಂದ ಬಾ" ಎನಿಸಿಕೊಂಡವನು. ಈ ಸಂಗತಿ ಮಕ್ಕಳ ಕಿವಿಗೆ ಬೀಳದಿರಲಿ.

೨. ಪಾಠಕ್ಕಿದ್ದ ನಮ್ಮ ಕನ್ನಡ ಸಂಘದ ಕೋಣೆ ಹೊಲಿಗೆ ತರಗತಿಯ ಪಾಲಾದ್ದರಿಂದ ಪಾಠವು ಬೆಳಗಿನ ಲೋಕಲಿನಲ್ಲಿ, ಠಾಣೆಯವರೆಗೆ, ನಿಂತೇ ನಡೆಯುತ್ತದೆ. ಲತೇಶನ ತಂದೆ ಪೂವಪ್ಪ ಉಲ್ಹಾಸನಗರದ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ತಮ್ಮ ಮನೆಯಿರುವ ಚಾಳಿನ ನಲ್ಲಿಯ ಹಳದಿ ನೀರಿನಲ್ಲಿ ಏನಿದೆಯೆಂದು ಚಿಕ್ಕಂದಿನಿಂದ ಕೇಳಿದರೂ ಯಾರೂ ಹೇಳದ ಕಾರಣ, ತಾನೇ ಹೇಳುವವನಾಗಬೇಕೆಂದು ಹುಡುಗ ಬಿ.ಎಸ್ಸಿ. ಮಾಡಿದ. ಆದ್ದರಿಂದ ತಮ್ಮಲ್ಲಿ ಬಿಟ್ಟು ಬೇರೆಲ್ಲೂ ಅರ್ಜಿಯನ್ನೇ ಹಾಕಿಲ್ಲ.

೩. ರೈಲಿನಲ್ಲಿ ಮೊದಲು ಪಿಸುಗುಟ್ಟುತ್ತಿದ್ದ. ಕಿಟಕಿ ಪಕ್ಕದ ಜಟ್ಟೆಪ್ಪ ಎಂಬ ಹಿರಿಯರು, "ತಮ್ಮಾ, ನೌಕರಿ ಕೇಳಾಕತ್ತೀಯೋ, ಬೀಡಿ ಕೇಳಾಕತ್ತೀಯೋ? ದನಿ ತಗದು ಮಾತಾಡು" ಎಂದ ಮೇಲೆ ಸುಧಾರಿಸಿದ. ಈಗ ಬೆನ್ನಿಗೊಂದು ಮೊಣಕೈ, ಕೈಗೆ ಮೇಲಿನ ಹ್ಯಾಂಡಲ್ ಸಿಕ್ಕರೆ ಅವನ ಮಾತು ಮುಂಬ್ರಾ ಸ್ಟೇಷನ್ ದಾಟಿದರೂ ನಿಲ್ಲದು.

೪. ತಮ್ಮ ಕೋಣೆಯಲ್ಲೋ ಎ.ಸಿ., ಮೌನ, ಮೆತ್ತನೆಯ ಕುರ್ಚಿ. ತಾವು "ನಿನ್ನ ಬಗ್ಗೆ ಹೇಳು" ಎಂದೊಡನೆ ಎದ್ದು, ಚೀಲ ಎದೆಗೊತ್ತಿ, ಹ್ಯಾಂಡಲಿಗಾಗಿ ಕೈ ಮೇಲೆತ್ತಿದ. ತಾವು ಬೇರೆ ಅರ್ಥ ಮಾಡಿಕೊಂಡು, "ಬಾತ್‌ರೂಮ್ ಬಾಹರ್ ಹೈ" ಎಂದಿರಿ. ಅಧಿಕಾರಿಗಳ ಮಾತು ಮೀರಬಾರದೆಂದು ಅರ್ಜಿದಾರನೇ ಕಲಿಸಿದ್ದ ಕಾರಣ, ಹೋದ.

೫. ಮರಳಿದಾಗ ಕುರ್ಚಿಯಲ್ಲಿ ಮತ್ತೊಬ್ಬ ಅಭ್ಯರ್ಥಿ. ಎದ್ದವನ ಸೀಟು ಹೋಯಿತು, ಕೇಳಿದರೆ ಜಗಳ ಎಂಬುದು ನಮ್ಮ ಲೋಕಲ್ ಲೈನಿನ ನ್ಯಾಯ. ಆದ್ದರಿಂದ "ಬೈಠೋ, ಬೈಠೋ" ಎಂದು ಉಪಚರಿಸಿ ಮನೆಗೆ ಬಂದ. "ಅವರದ್ದು ಎಂತ ತಪ್ಪು ಸರ್? ಎದ್ದದ್ದು ನಾನೇ ಅಲ್ವಾ?" ಎನ್ನುತ್ತಾನೆ. ಅರ್ಜಿದಾರನಿಗೆ ಅಂದಿನಿಂದ ಊಟ ಸೇರುತ್ತಿಲ್ಲ.

ಕಾರಣ, ತಾವು ಒಂದು ಬೆಳಿಗ್ಗೆ ಡೊಂಬಿವಲಿಗೆ ಬಂದು, ಲೋಕಲಿನಲ್ಲೇ ಅವನನ್ನು ಸಂದರ್ಶಿಸಬೇಕು. ಸೀಟಿನ ಭರವಸೆ ಕೊಡಲಾಗದು. ತಮ್ಮನ್ನು ಒಳಗೆ ತಳ್ಳುವ ಹೊಣೆ ಅರ್ಜಿದಾರನದು. ಇದು ಅನನುಕೂಲವಾದರೆ ತಮ್ಮ ಕೋಣೆಯಲ್ಲೇ ಎ.ಸಿ. ಆರಿಸಿ, ಲಗತ್ತು ೨ನ್ನು ಅವನ ಸುತ್ತ ನಿಲ್ಲಿಸಬಹುದು.

ತಮ್ಮ ವಿಶ್ವಾಸಿ (ತನ್ನ ಮೇಲೆ ಅಷ್ಟಿಲ್ಲ),
ದೇವದಾಸ್

ಲಗತ್ತುಗಳು:
೧. ಲತೇಶನ ಅಂಕಪಟ್ಟಿಯ ನಕಲು.
೨. ನೂಕಲು ಒಪ್ಪಿರುವ ಸಹಪ್ರಯಾಣಿಕರು, ನಾಲ್ವರು (ಮೂಲಪ್ರತಿ, ತಮ್ಮ ಗೇಟಿನ ಹೊರಗೆ ನಿಂತಿದ್ದಾರೆ).

ವಿ.ಸೂ.: ಲಗತ್ತು ೨ನ್ನು ಉಪಯೋಗಿಸಿದ ಕೂಡಲೇ ಹಿಂತಿರುಗಿಸಬೇಕಾಗಿ ವಿನಂತಿ. ಅವರಿಗೂ ಆಫೀಸಿದೆ.