ಏಳನೇ ಕ್ಲಾಸು ಫೇಲಾದ ಭಾವ

ನಮ್ಮ ಭಾವ ಮೂವತ್ತೈದನೆಯ ವಯಸ್ಸಿನಲ್ಲಿ ಒಂದನೇ ಕ್ಲಾಸು ಪಾಸಾದರು. ಅಲ್ಲಿಂದ ವರ್ಷಕ್ಕೊಂದರಂತೆ ಹತ್ತುತ್ತಾ ಹೋಗಿ ಏಳನೇ ಕ್ಲಾಸಿನಲ್ಲಿ ಫೇಲಾದರು. ನಗಬೇಡಿ! ಅವರು ಫೇಲಾದದ್ದಕ್ಕೆ ಒಂದು ಶಾಲೆಯೇ ನೆಲಸಮವಾಯಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಶಾಲೆಯ ಮೇಷ್ಟ್ರಾಗಿ ಸುಖವಾಗಿದ್ದ ಮನುಷ್ಯ. ಎಪ್ಪತ್ತರ ದಶಕದ ನಡುವೆ ಯಾರೋ ಅವರ ತಲೆ ಕೆಡಿಸಿದರು. ಯಲಹಂಕದಿಂದಾಚೆ, ರಾಜಾನುಕುಂಟೆಯ ಹಾದಿಯಲ್ಲಿ ಶ್ರೀಮಂತರೊಬ್ಬರ ದ್ರಾಕ್ಷಿ ತೋಟವಿತ್ತು. ಹಣ್ಣನ್ನು ಬುಟ್ಟಿಗೆ ತುಂಬುವ ಶೆಡ್ಡಿನಲ್ಲಿ ಅವರೊಂದು ಹೊಸ ಬಗೆಯ ಶಾಲೆ ತೆರೆದರು. ಬೆತ್ತವಿಲ್ಲ, ಮಾರ್ಕ್ಸಿಲ್ಲ, ಪರೀಕ್ಷೆಯಿಲ್ಲ. ಮಗುವಿನ ತಲೆ, ಕೈ, ಹೃದಯ ಮೂರೂ ಒಟ್ಟಿಗೆ ಬೆಳೆಯಬೇಕಂತೆ. ಒಂದನೇ ಕ್ಲಾಸಿಗೆ ಸೇರಿದ ಮಕ್ಕಳನ್ನು ಏಳರವರೆಗೂ ಒಬ್ಬನೇ ಮೇಷ್ಟ್ರು ಕೈಹಿಡಿದು ನಡೆಸಬೇಕಂತೆ. ಭಾವ ರಾಜೀನಾಮೆ ಬಿಸಾಕಿ ಆ ಶೆಡ್ಡಿಗೆ ಹೋದರು. ಅಕ್ಕ ಸಿಟ್ಟಿನಿಂದ ಅವರ ಜೊತೆ ಮಾತು ಬಿಟ್ಟಳು. ಅದು ಅವರಿಗೆ ಗೊತ್ತಾದದ್ದು ಅವಳು ಮತ್ತೆ ಮಾತಾಡಲು ಶುರು ಮಾಡಿದಾಗ!

ನಾನಾಗ ಬ್ರಹ್ಮಚಾರಿ. ಯಲಹಂಕದಲ್ಲಿ ಅವರ ಮನೆಯಲ್ಲೇ ಇದ್ದುಕೊಂಡು ದಿನಾ ರೈಲಿನಲ್ಲಿ ಯಶವಂತಪುರದ ಕಾರ್ಖಾನೆಗೆ ಹೋಗಿ ಬರುತ್ತಿದ್ದೆ. ಹಾಗಾಗಿ ಇದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದೇ.

ಭಾವ ತಮ್ಮನ್ನು ಕ್ಲಾಸಿನಿಂದ ಬೇರೆಯಾಗಿ ಎಣಿಸುತ್ತಲೇ ಇರಲಿಲ್ಲ. ಆರ್.ಟಿ. ನಗರದ ಒಂದು ಮದುವೆಯಲ್ಲಿ ಹುಬ್ಬಳ್ಳಿ ಕಡೆಯ ಬೀಗರೊಬ್ಬರು ಪಕ್ಕದಲ್ಲಿ ಊಟಕ್ಕೆ ಕೂತವರು, "ತಾವು ಏನ್ ಮಾಡ್ಕೊಂಡೀರ್ರಿ?" ಎಂದು ಕೇಳಿದರು.

"ಈ ವರ್ಷ ನಾಲ್ಕನೇ ಕ್ಲಾಸಿಗೆ ಬಂದೆ" ಅಂದರು ಭಾವ.

ಬೀಗರ ಕೈಯಲ್ಲಿದ್ದ ಲಾಡು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಭಾಳ ಛಲೋ ಆತು. ಓದು ಮಾತ್ರ ಬಿಡಬ್ಯಾಡ್ರಿ" ಎಂದು ಸಮಾಧಾನ ಹೇಳಿ, ಪಾಯಸಕ್ಕೂ ಕಾಯದೆ ಎದ್ದುಹೋದರು.

ಇನ್ನು ಮಗ್ಗಿ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾಲಿನಲ್ಲೂ ಹೇಳಬೇಕು ಎನ್ನುವುದು ಆ ಶಾಲೆಯ ಪದ್ಧತಿ. ಮಕ್ಕಳಿಗೆ ಕಲಿಸುವ ಮೊದಲು ತಾವು ಕಲಿಯಬೇಡವೇ? ಭಾವ ಬೆಳಗ್ಗೆ ಎದ್ದು ನಮ್ಮ ವಠಾರದ ಅಂಗಳದಲ್ಲಿ ಆರು ಹೆಜ್ಜೆ ಮೆಲ್ಲಗೆ ಇಟ್ಟು ಏಳನೆಯದಕ್ಕೆ ಧಡ್ ಎಂದು ಹಾರುತ್ತಿದ್ದರು. ಮನೆ ಮಾಲೀಕರ ಹೆಂಡತಿ ಅಕ್ಕನನ್ನು ಕರೆದು, "ನಿಮ್ಮ ಯಜಮಾನ್ರ ಮೈಮೇಲೆ ಯಾವ ದೇವ್ರಮ್ಮಾ ಬರೋದು?" ಎಂದು ಭಯಭಕ್ತಿಯಿಂದ ಕೇಳಿದರು.

"ದೇವ್ರಲ್ಲ ಕಣ್ರೀ, ಏಳರ ಮಗ್ಗಿ."

"ಯಾವ್ದಾದ್ರೂ ಇರ್ಲಿ, ಒಂದು ಹರಕೆ ಕಟ್ಕೊಂಡ್ಬಿಡಿ."

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ‘ತಾಳು’. ಅದು ಆ ಕ್ಲಾಸಿನ ಕಾನೂನು. ಯಾವ ಮಗುವಿಗಾದರೂ ಪಾಠ ಹತ್ತಲಿಲ್ಲವೋ, ಮನಸ್ಸು ಸರಿಯಿಲ್ಲವೋ, "ತಾಳು" ಅನ್ನಬೇಕು. ಅಂದ ಕೂಡಲೇ ಎಲ್ಲರೂ ಬಳಪ ಕೆಳಗಿಟ್ಟು ಕಾಯಬೇಕು. ಅದೇ ಮಗು ತಾನಾಗಿ "ಹೂಂ" ಅನ್ನುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ, ಮೇಷ್ಟ್ರು ಕೂಡ! ಒಮ್ಮೆ ಕೆರೆ ತೋರಿಸಲು ಕರೆದುಕೊಂಡು ಹೋದಾಗ ಒಬ್ಬನ ಕಾಲಿಗೆ ಮುಳ್ಳು ಚುಚ್ಚಿತು. "ತಾಳು" ಅಂದ. ಇಡೀ ದಂಡು ರಸ್ತೆ ಬದಿಯಲ್ಲಿ ಕೂತುಬಿಟ್ಟಿತು. ಮಕ್ಕಳು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಒಬ್ಬ ಅಪ್ಪ ದೊಣ್ಣೆ ಹಿಡಿದೇ ಬಂದ.

"ಅಲ್ಲ ಸಾ, ಮುಳ್ಳು ಚುಚ್ಚಿದ್ದು ಒಬ್ಬನ್ ಕಾಲ್ಗೆ. ಮಿಕ್ಕೋರ್‌ಗೆ ಏನಾಗಿತ್ತು ರೋಗ? ಇಂಗಾದ್ರೆ ಈ ಐಕ್ಳು ಮುಂದಕ್ಕೋಗೋದು ಯಾವಾಗ?"

"ಎಲ್ಲರೂ ಒಟ್ಟಿಗೇ ಹೋಗ್ತೀವಿ" ಅಂದರು ಭಾವ. ಹೊಡೆಯಲು ಬಂದವನು ದೊಣ್ಣೆಯನ್ನು ಊರಿಕೊಂಡು ವಾಪಸು ಹೋದ.

ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ತೋಟದ ಯಜಮಾನರು ತೀರಿಕೊಂಡಿದ್ದರು. ಅವರ ಮಗನ ಕಣ್ಣಿಗೆ ದ್ರಾಕ್ಷಿ ಚಪ್ಪರದ ಜಾಗದಲ್ಲಿ ಸಾಲು ಸಾಲು ಸೈಟುಗಳು ಕಾಣುತ್ತಿದ್ದವು. ಅವನು ಭಾವನನ್ನು ಕರೆಸಿದ. "ಮೇಷ್ಟ್ರೇ, ಏಳನೇ ಕ್ಲಾಸಿಗೆ ಸರ್ಕಾರದ್ದು ಪಬ್ಲಿಕ್ ಪರೀಕ್ಷೆ ಇದೆಯಲ್ಲ. ನಿಮ್ಮ ಮಕ್ಕಳು ಪಾಸಾದ್ರೆ ಶಾಲೆ ಇರುತ್ತೆ. ಇಲ್ದಿದ್ರೆ ಶೆಡ್ ಕೆಡವ್ತೀನಿ." ಶಾಲೆ ಹೋದರೆ ಹೋಗಲಿ, ಪಾಸಾಗದಿದ್ದರೆ ಮಕ್ಕಳಿಗೆ ಹೈಸ್ಕೂಲಿಲ್ಲ. ಹುಡುಗರಿಗೆ ಗಾರೆ ಕೆಲಸ, ಹುಡುಗಿಯರಿಗೆ ಮದುವೆ. ಹುಟ್ಟಿದಾಗಿನಿಂದ ಪರೀಕ್ಷೆಯ ಮುಖ ನೋಡದ ಮಕ್ಕಳು ಅವು!

ಅಂಥ ಹೊತ್ತಿನಲ್ಲಿ ನಸೀಮಾಳ ತಾಯಿ ಸತ್ತಳು. ನಸೀಮಾ ಆ ಕ್ಲಾಸಿನ ಹುಡುಗಿ. ಅಪ್ಪ ಯಲಹಂಕದ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದ. ತಾಯಿ ರಕ್ತ ಕೆಮ್ಮಿ ಕೆಮ್ಮಿ ಹೋದಳು. ಮಣ್ಣು ಮಾಡಿದ ಮೇಲೆ ಶಾಲೆಗೆ ಬಂದ ನಸೀಮಾ ಮೂಲೆಯಲ್ಲಿ ಕೂತು "ತಾಳು" ಅಂದಳು. ಭಾವ ಭಿನ್ನರಾಶಿಯ ಪಾಠವನ್ನು ಅಲ್ಲಿಗೇ ನಿಲ್ಲಿಸಿದರು. ವಾರ ಕಳೆಯಿತು. ಇನ್ನೊಂದು ವಾರವೂ ಕಳೆಯಿತು.

"ಅವಳಿಗೇನೋ ನೀವು ತಾಳ್ತೀರಿ. ಪರೀಕ್ಷೆ ತಾಳುತ್ತೇನ್ರೀ?" ಎಂದಳು ಅಕ್ಕ. ಭಾವ ರಾತ್ರಿಯೆಲ್ಲ ಹೊರಳಾಡುತ್ತಿದ್ದರು. ಅಂತೂ ಒಂದು ಬೆಳಗ್ಗೆ ನಸೀಮಾ "ಹೂಂ" ಅಂದಳು. ಆ ಮಕ್ಕಳು ಉಳಿದ ದಿನಗಳಲ್ಲಿ ಹಗಲೆಲ್ಲ ಕೂತು ಪಾಸಾಗುವಷ್ಟನ್ನು ಕಲಿತೇಬಿಟ್ಟರು.

ಗಣಿತದ ಪರೀಕ್ಷೆಯ ದಿನ ನಾನೂ ರಜ ಹಾಕಿ ಭಾವನ ಜೊತೆ ಹೋಗಿದ್ದೆ. ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ ನಿಂತಿದ್ದೆವು. ಸ್ವಲ್ಪ ಹೊತ್ತಿಗೆಲ್ಲ ಒಳಗಿದ್ದ ಮೇಲ್ವಿಚಾರಕರು ಬೆವರುತ್ತ ಓಡಿಬಂದರು.

"ರೀ ಮೇಷ್ಟ್ರೇ, ನಿಮ್ಮ ಮಕ್ಕಳು ಸ್ಟ್ರೈಕ್ ಮಾಡ್ತಿದಾರೆ ಕಣ್ರೀ! ಒಂದು ಹುಡುಗಿ ಅದೇನೋ ‘ತಾಳು’ ಅಂತ ಅಳೋಕೆ ಶುರು ಮಾಡಿದ್ಲು. ಅಷ್ಟೂ ಜನ ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತ್ಬಿಟ್ರು. ಕಿಟಕಿಯಿಂದ ಒಂದು ಮಾತು ಹೇಳಿ, ನಾನು ನೋಡ್ಲಿಲ್ಲ ಅಂದ್ಕೋತೀನಿ."

ಭಾವ ಕಿಟಕಿಯ ಹತ್ತಿರ ಹೋದರು. ಅಳುತ್ತಿದ್ದವಳು ನಸೀಮಾ. ಒಳಗೆ ಗಡಿಯಾರ ಓಡುತ್ತಿತ್ತು. "ಭಾವ, ಹೇಳಿ! ಇಲ್ಲದಿದ್ರೆ ಎಲ್ಲಾ ಹೋಯ್ತು" ಎಂದು ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ. ಆಗ ಅವರು ಕೂಗಿದರು. ಅಷ್ಟು ವರ್ಷಗಳಲ್ಲಿ ಆ ಮಕ್ಕಳು ಅವರ ಏರುದನಿ ಕೇಳಿದ್ದು ಅದೇ ಮೊದಲು.

"ಅವಳನ್ನ ಬಿಟ್ಟಾಕ್ರೋ! ನೀವು ಬರೀರಿ!"

ಯಾರೂ ಪೆನ್ನು ಎತ್ತಲಿಲ್ಲ. ಕಿಟಕಿಯ ಪಕ್ಕದಲ್ಲಿದ್ದ ಹುಡುಗ ಮೆಲ್ಲಗೆ ತಿರುಗಿ, ಏನೂ ತಿಳಿಯದ ಮೇಷ್ಟ್ರಿಗೆ ಪಾಠ ಹೇಳುವವನಂತೆ, "ಇಲ್ಲ ಸಾ, ಅವ್ಳಿನ್ನೂ ಅಳ್ತಾವ್ಳೆ" ಅಂದ.

ಗಂಟೆ ಹೊಡೆಯಿತು. ಎಲ್ಲರೂ ಗಣಿತದಲ್ಲಿ ಫೇಲಾದರು. ಶೆಡ್ಡು ಬಿತ್ತು, ಬಳ್ಳಿಗಳನ್ನು ಬುಡಸಮೇತ ಕಿತ್ತು ರಸ್ತೆಯ ಬದಿಗೆ ರಾಶಿ ಹಾಕಿದರು. ಅಪ್ಪ ಅಮ್ಮಂದಿರು ಸರದಿಯಲ್ಲಿ ಬಂದು ನಮ್ಮ ಬಾಗಿಲಲ್ಲಿ ಬೈದು ಹೋದರು. ಅವರು ಬೈದದ್ದರಲ್ಲಿ ಅನ್ಯಾಯ ಏನಿತ್ತು? ಮುಳ್ಳು ಚುಚ್ಚಿಸಿಕೊಂಡಿದ್ದ ಹುಡುಗ ಹೆಬ್ಬಾಳದಲ್ಲಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುತ್ತಿದ್ದುದನ್ನು ನಾನೇ ನೋಡಿದೆ. ಭಾವ ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತರು. ಅಕ್ಕನಿಗೆ ಒಂದೇ ಮಾತು ಹೇಳುತ್ತಿದ್ದರು: "ಫೇಲಾದದ್ದು ಹಾಗಿರಲಿ ಕಣೇ. ನಾನು ಅವಳನ್ನ ಬಿಟ್ಟಾಕಿ ಅಂದೆನಲ್ಲ, ಅವಳಿಗದು ಕೇಳಿಸ್ತು."

ಒಂದು ಬೆಳಗ್ಗೆ ನಾನು ರೈಲಿಗೆ ಹೊರಡುವ ಹೊತ್ತಿಗೆ ಮನೆಯ ಮುಂದೆ ಜಟಕಾ ನಿಂತಿತು. ನಸೀಮಾಳನ್ನು ಅವಳಪ್ಪ ಇಳಿಸಿ ಒಳಗೆ ಕರೆತಂದ. ಹುಡುಗಿ ಕಡ್ಡಿಯಾಗಿದ್ದಳು. "ಮೇಷ್ಟ್ರೇ, ಈ ಹುಡುಗಿ ಊಟ ಬಿಟ್ಬಿಟ್ಟೈತೆ. ಎಲ್ಲಾರ್ದೂ ಜಿಂದಗಿ ನನ್ನಿಂದ ಬರ್ಬಾದ್ ಆಯ್ತು ಅಂತದೆ. ನೀವೇ ಏನಾದ್ರೂ ಹೇಳಿ."

ಭಾವ ಅವಳೆದುರು ನೆಲದ ಮೇಲೆ ಕೂತರು. "ಕಿಟಕಿಯಿಂದ ಹಾಗೆ ಕೂಗಬಾರದಿತ್ತು, ಮಗಳೇ" ಅಂದರು. ಅಕ್ಕ ಎಲ್ಲರಿಗೂ ಬಿಸಿ ಉಪ್ಪಿಟ್ಟು ತಂದುಕೊಟ್ಟಳು. ನಸೀಮಾ ತಟ್ಟೆ ನೋಡಿದಳು. "ಅಮ್ಮಿ..." ಅಂದಳು. ಆಮೇಲೆ ಕೇಳಿಸದಷ್ಟು ಸಣ್ಣ ದನಿಯಲ್ಲಿ "ತಾಳಿ" ಅಂದಳು.

ಭಾವ ತಟ್ಟೆ ಕೆಳಗಿಟ್ಟರು. ಜಟಕಾದವನು ಇಟ್ಟ. ಇಷ್ಟು ವರ್ಷ ಈ ‘ತಾಳು’ವನ್ನು ಶಪಿಸಿದ್ದ ಅಕ್ಕನೂ ಇಟ್ಟಳು. ದೂರದಲ್ಲಿ ನನ್ನ ರೈಲು ಕೂಗಿತು. ಆ ಹುಚ್ಚು ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಅಂತ ನನಗೇ ಗೊತ್ತಾದದ್ದು ಆಗ. ಚಪ್ಪಲಿ ಬಿಚ್ಚಿ ನಾನೂ ಅವರ ಪಕ್ಕ ಕೂತೆ. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಯಾರೂ ಮುಟ್ಟಲಿಲ್ಲ. ಕೊನೆಗೆ ಅವಳು ಕಣ್ಣೊರೆಸಿಕೊಂಡು "ಹೂಂ" ಅಂದಳು, ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ನಾವೆಲ್ಲ ತಿಂದೆವು.